ನಡುವೆ ಬಾಯಾಡಿಸದವರ ತುರ್ತು ಡಬ್ಬಿ: ಏನಿಡಬೇಕು, ಏನು ಬೇಡ

ಬೆಳಿಗ್ಗೆ ತಿಂಡಿ, ಮಧ್ಯಾಹ್ನ ಊಟ, ರಾತ್ರಿ ಊಟ, ನಡುವೆ ಏನೂ ಇಲ್ಲ. ಈ ಅಭ್ಯಾಸ ಹಿಡಿದವರು ಸಂಜೆ ಐದರ ಹಸಿವನ್ನು ಕೆಲವು ವಾರಗಳಲ್ಲಿ ಪಳಗಿಸಿಕೊಳ್ಳುತ್ತಾರೆ. ಅಭ್ಯಾಸ ತಪ್ಪುವುದು ಬೇರೆ ಕಡೆ. ರಾತ್ರಿ ಹನ್ನೊಂದಕ್ಕೆ ನೋವಿನ ಮಾತ್ರೆ ನುಂಗಬೇಕು, ಖಾಲಿ ಹೊಟ್ಟೆಯಲ್ಲಿ ಬೇಡ ಎಂದಿದ್ದಾರೆ. ಚಾರ್ಮಾಡಿ ಘಾಟಿಯಲ್ಲಿ ಮಣ್ಣು ಕುಸಿದು ಬಸ್ಸು ಮೂರು ಗಂಟೆ ನಿಂತಿದೆ. ಸಕ್ಕರೆ ಕಾಯಿಲೆಯವರಿಗೆ ಹನ್ನೆರಡಕ್ಕೇ ಕೈ ನಡುಗಿ ಬೆವರು ಬಂದಿದೆ. ಸಂಕ್ರಾಂತಿಯ ಸಂಜೆ ಆರು ಮನೆಯಿಂದ ಎಳ್ಳು ಬಂದಿದೆ. ಇಂಥ ಹೊತ್ತಿಗೆ ಏನು, ಎಷ್ಟು ಎಂದು ಮೊದಲೇ ಗೊತ್ತುಮಾಡಿಕೊಂಡಿರದಿದ್ದರೆ ಕೈ ಹೋಗುವುದು ಹತ್ತಿರದ ಚಕ್ಕುಲಿ ಡಬ್ಬಿಗೆ. ಒಂದು ಮಾತ್ರೆಗೆಂದು ತೆರೆದ ಡಬ್ಬಿಯನ್ನು ಮರುದಿನ ಮಾತ್ರೆ ಇಲ್ಲದೆಯೂ ತೆರೆಯುತ್ತೇವೆ.

ಔಷಧಿ ಅಂಗಡಿ, ಹಾಲಿನ ಬೂತ್, ದಿನಸಿ ಅಂಗಡಿ, ಕಾಂಡಿಮೆಂಟ್ಸ್ ಅಂಗಡಿ ಈ ನಾಲ್ಕರಲ್ಲಿ ಸಿಗುವ ಪದಾರ್ಥಗಳನ್ನು ಇಲ್ಲಿ ಒಂದೇ ಕಣ್ಣಿನಿಂದ ನೋಡಿದ್ದೇವೆ. ನಿಯಮಕ್ಕೆ ವಿನಾಯಿತಿ ಕೊಡುವಾಗ ಅದಕ್ಕೊಂದು ಕಾರಣ, ಒಂದು ಅಳತೆ, ಒಂದು ಕೊನೆ ಇರಬೇಕು, ಥೇಟ್ ಔಷಧಿಯ ಹಾಗೆ. ಹಾಗಾಗಿ ಇಲ್ಲಿ ರುಚಿಗೆ ಅಂಕವಿಲ್ಲ. ತಾನಾಗಿಯೇ ಮುಗಿಯುವ, ಇನ್ನೊಂದು ಬೇಕೆನಿಸದ, ಬಂದ ಕಾರಣಕ್ಕೆ ಸರಿಯಾಗಿ ಕೆಲಸ ಮಾಡುವ ಪದಾರ್ಥಕ್ಕೆ ಮೇಲಿನ ಸ್ಥಾನ.

ಮೊದಲು ಗ್ಲೂಕೋಸ್ ಪುಡಿ, ಏಕೆಂದರೆ ಇದೊಂದರಲ್ಲಿ ತಪ್ಪಿದರೆ ಪ್ರಾಣಕ್ಕೆ ಬರುತ್ತದೆ. ಇನ್ಸುಲಿನ್ ಚುಚ್ಚಿಕೊಳ್ಳುವವರು, ಗ್ಲಿಮೆಪಿರೈಡ್ ಅಥವಾ ಗ್ಲಿಕ್ಲಜೈಡ್‌ನಂಥ ಮಾತ್ರೆ ನುಂಗುವವರು ಊಟ ತಡವಾದರೆ ಸಕ್ಕರೆ ಇಳಿತಕ್ಕೆ ಸಿಕ್ಕಿಕೊಳ್ಳಬಹುದು. ನಡುಕ, ತಣ್ಣನೆ ಬೆವರು, ಎದೆ ಡವಡವ, ಮಾತು ತಡವರಿಸುವುದು, ಕಾರಣವಿಲ್ಲದೆ ಸಿಡುಕು ಇವು ಗುರುತು. ಗ್ಲೂಕೋಮೀಟರ್ 70ಕ್ಕಿಂತ ಕೆಳಗೆ ತೋರಿಸಿದರೆ 15 ಗ್ರಾಂ ಗ್ಲೂಕೋಸ್ ತೆಗೆದುಕೊಂಡು, 15 ನಿಮಿಷ ಕಾದು, ಮತ್ತೆ ಪರೀಕ್ಷಿಸಬೇಕು. ಏರಿರದಿದ್ದರೆ ಇನ್ನೊಮ್ಮೆ ಅಷ್ಟೇ. ಮೀಟರ್ ಕೈಗೆ ಸಿಗದಿದ್ದರೆ ಹುಡುಕುತ್ತ ಕೂರದೆ ಮೊದಲು ಗ್ಲೂಕೋಸ್ ತೆಗೆದುಕೊಳ್ಳಬೇಕು.

ಇಲ್ಲಿ ಎಡವುವುದು ಅಳತೆಯಲ್ಲಿ. ಮೂರು ಚಮಚ ಎಂದು ಬಾಯಿಮಾತಿನಲ್ಲಿ ಹೇಳಿಬಿಡುತ್ತಾರೆ. 5 ಮಿಲಿಲೀಟರಿನ ಚಮಚದಲ್ಲಿ ಮಟ್ಟಸವಾಗಿ ತೆಗೆದರೆ ಸಿಗುವುದು ಸುಮಾರು 3 ಗ್ರಾಂ, ಗೋಪುರದಂತೆ ತುಂಬಿದರೆ ಹೆಚ್ಚುಕಡಿಮೆ 5. ನಮ್ಮ ಮನೆಗಳ ಸ್ಟೀಲ್ ಚಮಚಗಳಂತೂ ಒಂದೊಂದು ಒಂದೊಂದು ಗಾತ್ರ. ಜೊತೆಗೆ ಪುಡಿ ಮೊನೊಹೈಡ್ರೇಟ್ ರೂಪದ್ದಾದರೆ ನೂರರಲ್ಲಿ ಸುಮಾರು 9 ಭಾಗ ನೀರೇ ಇರುತ್ತದೆ, ಆದ್ದರಿಂದ 15 ಗ್ರಾಂ ಗ್ಲೂಕೋಸ್ ಸಿಗಲು 16ರಿಂದ 17 ಗ್ರಾಂ ಪುಡಿ ಬೇಕು. ಅಡುಗೆಮನೆಯ ಚಿಕ್ಕ ತಕ್ಕಡಿಯಲ್ಲಿ ಒಂದು ಸಲ ತೂಗಿ, ಒಂದೊಂದು ಡೋಸನ್ನು ಒಂದೊಂದು ಪುಟ್ಟ ಜಿಪ್ ಕವರಿಗೆ ಹಾಕಿ, ಮೇಲೆ ದಿನಾಂಕ ಬರೆದಿಟ್ಟರೆ ನಡುಗುವ ಕೈ ಲೆಕ್ಕ ಮಾಡಬೇಕಾಗಿಲ್ಲ. ಅರ್ಧ ಲೋಟ ನೀರಿಗೆ ಕಲಕಿ ಕುಡಿದರೆ ಸಾಕು.

ಗ್ಲುಕಾನ್-ಡಿಯಂಥ ಪೆಟ್ಟಿಗೆ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ, ಅದೇ ಅದರ ದೊಡ್ಡ ಗುಣ. ಕೊಳ್ಳುವಾಗ ಬಣ್ಣ ಪರಿಮಳವಿಲ್ಲದ ಸಾದಾ ಪುಡಿಯನ್ನೇ ಕೇಳಿ. ಕಿತ್ತಳೆ, ನಿಂಬೆ ಸ್ವಾದದ ಪುಡಿಗಳ ಹಿಂಬದಿ ಪಟ್ಟಿಯಲ್ಲಿ ಸುಕ್ರೋಸ್, ಎಂದರೆ ಸಾಮಾನ್ಯ ಸಕ್ಕರೆ, ಇದೆಯೇ ನೋಡಿ. ಇದು ಎರಡು ಕಾರಣಕ್ಕೆ ಮುಖ್ಯ. ಒಂದು, ಸ್ವಾದದ ಪುಡಿ ಶರಬತ್ತಿನ ರೂಪ ತಾಳಿ ಬೇಸಿಗೆಯ ಮಧ್ಯಾಹ್ನಗಳಲ್ಲಿ ಮನೆಮಂದಿಯ ಕೈಯಲ್ಲಿ ಖಾಲಿಯಾಗುತ್ತದೆ, ಬೇಕಾದ ದಿನ ಪೆಟ್ಟಿಗೆ ಬರಿದು. ಎರಡನೆಯದು ಇನ್ನೂ ಗಂಭೀರ. ವೊಗ್ಲಿಬೋಸ್ ಅಥವಾ ಅಕಾರ್ಬೋಸ್ ಇರುವ ಮಾತ್ರೆ ನುಂಗುವವರ ಕರುಳಿನಲ್ಲಿ ಸಕ್ಕರೆಯನ್ನು ಒಡೆಯುವ ಕಿಣ್ವಕ್ಕೆ ತಡೆ ಬಿದ್ದಿರುತ್ತದೆ. ಅವರಿಗೆ ಸಕ್ಕರೆ, ಬೆಲ್ಲ, ಬಿಸ್ಕತ್ತು ಕೊಟ್ಟರೆ ರಕ್ತಕ್ಕೆ ಬೇಗ ಸೇರುವುದಿಲ್ಲ, ಗ್ಲೂಕೋಸೇ ಆಗಬೇಕು. ಈ ಮಾತ್ರೆಗಳು ಬೇರೆ ಮಾತ್ರೆಗಳ ಜೊತೆ ಸೇರಿ ಒಂದೇ ಗುಳಿಗೆಯಾಗಿಯೂ ಬರುತ್ತವೆ. ಸ್ಟ್ರಿಪ್ಪಿನ ಹಿಂದೆ ಚಿಕ್ಕ ಅಕ್ಷರದಲ್ಲಿರುವ ಹೆಸರುಗಳನ್ನು ಒಮ್ಮೆ ಓದಿಟ್ಟುಕೊಳ್ಳಿ.

ಪುಡಿಯ ದೋಷ ತೇವ. ಮಂಗಳೂರು, ಕಾರವಾರ, ಆಗುಂಬೆ ಕಡೆ ಜೂನ್‌ನಿಂದ ಸೆಪ್ಟೆಂಬರ್ ತನಕ ತೆರೆದ ಪೆಟ್ಟಿಗೆ ಕಲ್ಲಾಗುತ್ತದೆ. ಗಟ್ಟಿಯಾದ ಪುಡಿಯ ಗುಣ ಹೋಗಿರುವುದಿಲ್ಲ, ಆದರೆ ಅಳತೆ ಹೋಗಿರುತ್ತದೆ. ಕಾಗದದ ಪೆಟ್ಟಿಗೆಯಿಂದ ತೆಗೆದು ಬಿಗಿ ಮುಚ್ಚಳದ ಡಬ್ಬಿಗೆ ಹಾಕಿ. ಊರಿನ ದೊಡ್ಡ ಔಷಧಿ ಅಂಗಡಿಗಳಲ್ಲಿ ಚೀಪುವ ಗ್ಲೂಕೋಸ್ ಮಾತ್ರೆ ಸಿಕ್ಕರೆ ಅದು ಪುಡಿಗಿಂತ ಮೇಲು: ಒಂದು ಮಾತ್ರೆಯಲ್ಲಿ ಎಷ್ಟು ಗ್ರಾಂ ಎಂದು ಬರೆದಿರುತ್ತದೆ, ನೀರೂ ಬೇಡ, ಕಾರು ಓಡಿಸುವವರು ರಸ್ತೆ ಬದಿಗೆ ನಿಲ್ಲಿಸಿ ಬಾಯಿಗೆ ಹಾಕಿಕೊಳ್ಳಬಹುದು. ಚಾಕೊಲೇಟು, ಐಸ್‌ಕ್ರೀಮು, ಮೈಸೂರುಪಾಕು ಈ ಕೆಲಸಕ್ಕೆ ಬರುವುದಿಲ್ಲ, ಅವುಗಳಲ್ಲಿನ ಜಿಡ್ಡು ಸಕ್ಕರೆ ರಕ್ತಕ್ಕೆ ಸೇರುವುದನ್ನು ತಡಮಾಡುತ್ತದೆ. ಡಯೆಟ್ ಕೋಲಾದಲ್ಲಿ ಸಕ್ಕರೆಯೇ ಇಲ್ಲ.

ಸಕ್ಕರೆ ಸರಿಹೋದ ಮೇಲೆ ಮುಂದಿನ ಊಟಕ್ಕೆ ಒಂದು ಗಂಟೆಗಿಂತ ಹೆಚ್ಚಿದ್ದರೆ ಬಾಳೆಹಣ್ಣು ಮತ್ತು ಅರ್ಧ ಲೋಟ ಹಾಲು, ಅಥವಾ ಒಂದು ಚಪಾತಿಯಷ್ಟು ತಿನ್ನಬೇಕು. ಇದೂ ವಿನಾಯಿತಿಯ ಭಾಗವೇ. ನಿಯಮದ ನೆನಪಾಗಿ ಇದನ್ನು ಬಿಟ್ಟರೆ ಅರ್ಧ ಗಂಟೆಯಲ್ಲಿ ಮತ್ತೆ ಇಳಿಯಬಹುದು. ಪ್ರಜ್ಞೆ ತಪ್ಪಿದವರ ಬಾಯಿಗೆ ಏನನ್ನೂ ಹಾಕಕೂಡದು, ಶ್ವಾಸನಾಳಕ್ಕೆ ಹೋಗುತ್ತದೆ. 108ಕ್ಕೆ ಕರೆ ಮಾಡಿ, ಮಗ್ಗುಲಾಗಿ ಮಲಗಿಸಿ. ವಾರಕ್ಕೆರಡು ಸಲ ಹೀಗಾಗುತ್ತಿದ್ದರೆ ಅದು ವಿನಾಯಿತಿಯ ಮಾತಲ್ಲ, ಔಷಧಿಯ ಪ್ರಮಾಣ ಬದಲಾಗಬೇಕೆಂಬ ಸೂಚನೆ. ಬೆಳಿಗ್ಗೆ ರಾತ್ರಿ ಎರಡು ಹೊತ್ತು ಮಿಶ್ರ ಇನ್ಸುಲಿನ್ ತೆಗೆದುಕೊಳ್ಳುವವರಿಗೆ ವೈದ್ಯರು ನಡುವೆ ತಿನ್ನಲು ಹೇಳಿದ್ದರೆ ಅದು ಚಿಕಿತ್ಸೆಯ ಭಾಗ. ಅವರು ಕೇಳದೆ ಈ ನಿಯಮ ಹಿಡಿಯಲೇಬಾರದು.

ಭೇದಿ, ವಾಂತಿಯಲ್ಲಿ ಕಳೆದುಹೋದ ನೀರು ಉಪ್ಪನ್ನು ತುಂಬಿಕೊಡುವ ಓಆರ್‌ಎಸ್ ಪುಡಿಯ ಬಗ್ಗೆ ಇರುವಷ್ಟು ಗೊಂದಲ ಬೇರೆ ಯಾವುದರ ಬಗ್ಗೆಯೂ ಇಲ್ಲ. ಸಕ್ಕರೆ ಇಳಿದು ತಲೆ ಸುತ್ತಿದರೆ ಓಆರ್‌ಎಸ್ ಕೊಡುತ್ತಾರೆ, ಭೇದಿಯಾದರೆ ಗ್ಲೂಕೋಸ್ ನೀರು ಕೊಡುತ್ತಾರೆ, ಎರಡೂ ತಿರುಗುಮುರುಗು. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದಂತೆ ಒಂದು ಲೀಟರಿಗೆ 13.5 ಗ್ರಾಂ ಗ್ಲೂಕೋಸ್, 2.6 ಗ್ರಾಂ ಉಪ್ಪು, 1.5 ಗ್ರಾಂ ಪೊಟ್ಯಾಸಿಯಂ ಕ್ಲೋರೈಡ್, 2.9 ಗ್ರಾಂ ಸೋಡಿಯಂ ಸಿಟ್ರೇಟ್. ಎಂದರೆ ಒಂದು ಲೋಟದಲ್ಲಿ ಸಕ್ಕರೆ 3 ಗ್ರಾಮಿಗಿಂತ ಕಡಿಮೆ. ಸಕ್ಕರೆ ಇಳಿದವರಿಗೆ ಇದರಿಂದ 15 ಗ್ರಾಂ ಕೊಡಲು ಲೀಟರಿಗಿಂತ ಹೆಚ್ಚು ಕುಡಿಸಬೇಕಾದೀತು. ಹಾಗೆಯೇ ಭೇದಿಯವರಿಗೆ ಬರೀ ಗ್ಲೂಕೋಸ್ ನೀರಿನಲ್ಲಿ ಉಪ್ಪಿಲ್ಲ, ಕಳೆದುಕೊಂಡದ್ದು ವಾಪಸು ಬರುವುದಿಲ್ಲ. ನಮ್ಮ ನಿಯಮದ ಮಟ್ಟಿಗೆ ಹೇಳುವುದಾದರೆ ಸೂತ್ರಬದ್ಧ ಓಆರ್‌ಎಸ್ ತಿಂಡಿಯ ಲೆಕ್ಕಕ್ಕೇ ಬರುವುದಿಲ್ಲ, ಇಡೀ ಲೀಟರಿಗೆ 55 ಕ್ಯಾಲರಿಯೂ ಇಲ್ಲ. ಭೇದಿ, ವಾಂತಿಯ ದಿನ ಯೋಚಿಸದೆ ಕುಡಿಯಿರಿ.

ಎಲೆಕ್ಟ್ರಾಲ್‌ನಂಥ ದೊಡ್ಡ ಸ್ಯಾಶೆ ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ಒಬ್ಬರೇ ಪ್ರಯಾಣ ಮಾಡುವಾಗ ಚಿಕ್ಕದೇ ವಾಸಿ. ದೊಡ್ಡ ಸ್ಯಾಶೆ ಒಡೆದು ಐದು ಭಾಗ ಮಾಡಿ ಕಲಕುವುದು ತಪ್ಪು, ಉಪ್ಪು ಸಕ್ಕರೆ ಒಂದೇ ಸಮ ಹಂಚಿಕೆಯಾಗಿರುವುದಿಲ್ಲ. ಕಲಕಿದ್ದನ್ನು 24 ಗಂಟೆಯೊಳಗೆ ಮುಗಿಸಿ, ಉಳಿದದ್ದು ಚೆಲ್ಲಿ. ರುಚಿಗೆಂದು ಸಕ್ಕರೆ ಸೇರಿಸಬೇಡಿ, ಸಕ್ಕರೆ ಹೆಚ್ಚಾದರೆ ಭೇದಿಯೂ ಹೆಚ್ಚುತ್ತದೆ. ಟೆಟ್ರಾ ಪ್ಯಾಕಿನ ಸಿಹಿ ಪಾನೀಯಗಳ ವಿಷಯದಲ್ಲಿ ಎಚ್ಚರ. ಸೂತ್ರಕ್ಕೆ ಹೊಂದದ ಪಾನೀಯಗಳು ಹೆಸರಿನಲ್ಲಿ ಓಆರ್‌ಎಸ್ ಎಂಬ ಪದ ಬಳಸಕೂಡದೆಂದು ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರ್‌ನಲ್ಲಿ ಆದೇಶಿಸಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿದೆಯೇ ಎಂದು ನೋಡಿಯೇ ಕೊಳ್ಳಿ. ಎಳನೀರು ಒಳ್ಳೆಯದೇ, ಆದರೆ ಅದರಲ್ಲಿ ಪೊಟ್ಯಾಸಿಯಂ ಜಾಸ್ತಿ, ಸೋಡಿಯಂ ಕಡಿಮೆ. ಬಿಸಿಲಿನ ದಾಹಕ್ಕೆ ಸರಿ, ಭೇದಿಗೆ ಓಆರ್‌ಎಸ್‌ನ ಬದಲಿಯಲ್ಲ. ಎಳನೀರು ಕುಡಿದರೆ ನಿಯಮ ಮುರಿಯಿತೇ ಎಂದು ಕೇಳುವವರಿಗೆ: ನೀರು ಕುಡಿಯಿರಿ, ಗಂಜಿ ಊಟದ ಹೊತ್ತಿಗೆ ಇರಲಿ.

ಈಗ ಮಾತ್ರೆಯ ಜೊತೆಗಿನ ತುತ್ತು. ಇಲ್ಲಿ ಪದಾರ್ಥಕ್ಕಿಂತ ಮೊದಲು ವೈದ್ಯರ ಚೀಟಿ ನೋಡಬೇಕು. 1-0-1 (ಬೆಳಿಗ್ಗೆ, ರಾತ್ರಿ ಒಂದೊಂದು) ಅಥವಾ 1-1-1 (ಮೂರು ಹೊತ್ತೂ ಒಂದೊಂದು) ಎಂದಿದ್ದರೆ ಊಟಗಳಿಗೆ ಹೊಂದಿಕೊಳ್ಳುತ್ತದೆ, ವಿನಾಯಿತಿಯೇ ಬೇಡ. ಸಕ್ಕರೆ ಕಾಯಿಲೆಯ ಮೆಟ್‌ಫಾರ್ಮಿನ್ ಊಟದ ಜೊತೆಗೇ ತೆಗೆದುಕೊಳ್ಳುವಂಥದ್ದು. ಥೈರಾಯ್ಡ್ ಮಾತ್ರೆ ಖಾಲಿ ಹೊಟ್ಟೆಗೆ, ತಿಂಡಿಗಿಂತ ಅರ್ಧ ಗಂಟೆಯಿಂದ ಒಂದು ಗಂಟೆ ಮೊದಲು. ತೊಡಕು ಬರುವುದು ಎಂಟು ಗಂಟೆಗೊಮ್ಮೆ ಎಂದು ಬರೆದ ಮಾತ್ರೆಗಳಿಂದ, ಮುಖ್ಯವಾಗಿ ಐಬುಪ್ರೊಫೆನ್, ಡೈಕ್ಲೋಫೆನಾಕ್ ಜಾತಿಯ ನೋವಿನ ಗುಳಿಗೆಗಳಿಂದ. ಊಟದ ಹೊತ್ತಿಗೆ ಸರಿಸಬಹುದೇ ಎಂದು ವೈದ್ಯರನ್ನೋ ಔಷಧಿ ಅಂಗಡಿಯವರನ್ನೋ ಕೇಳಿ. ಎಷ್ಟೋ ಸಲ ಆಗುತ್ತದೆ ಎನ್ನುತ್ತಾರೆ. ಆಗದಿದ್ದರೆ ಒಂದು ಏಲಕ್ಕಿ ಬಾಳೆಹಣ್ಣು, ಅರ್ಧ ಲೋಟ ಹಾಲು, ಆಮೇಲೆ ಗುಳಿಗೆ, ಆಮೇಲೆ ತುಂಬು ಲೋಟ ನೀರು.

ಏಲಕ್ಕಿ ಬಾಳೆಗೆ ಈ ಇಡೀ ಪಟ್ಟಿಯಲ್ಲಿ ನಮ್ಮ ಮೊದಲ ಮತ. ಸಿಪ್ಪೆ ಸುಲಿದರೆ ಸುಮಾರು 50 ಗ್ರಾಂ, ಸುಮಾರು 50 ಕ್ಯಾಲರಿ. ಸಿಪ್ಪೆ ಮುಗಿದರೆ ಅಲ್ಲಿಗೆ ಮುಗಿಯಿತು. ಪಚ್ಚಬಾಳೆ ಅದರ ಎರಡರಷ್ಟು, ಮಾತ್ರೆಗೆ ಅಷ್ಟು ಬೇಡ. ಕೊರತೆಯೆಂದರೆ ಮೂರು ದಿನಕ್ಕಿಂತ ಹೆಚ್ಚು ಇರದು, ಬ್ಯಾಗಿನಲ್ಲಿ ಜಜ್ಜಿಹೋಗುತ್ತದೆ. ಮನೆಯ ಸ್ಟ್ಯಾಂಡಿಗೆ ಸರಿ, ಪ್ರಯಾಣಕ್ಕೆ ಗಟ್ಟಿ ಡಬ್ಬಿ ಬೇಕು.

ಹಾಲು ಎಲ್ಲ ಮಾತ್ರೆಗೂ ಒಗ್ಗುವುದಿಲ್ಲ ಎಂಬುದನ್ನು ಒತ್ತಿ ಹೇಳಬೇಕು. ಕಬ್ಬಿಣದ ಮಾತ್ರೆ, ಸಿಪ್ರೊಫ್ಲಾಕ್ಸಾಸಿನ್, ಟೆಟ್ರಾಸೈಕ್ಲಿನ್ ಜಾತಿಯ ಆ್ಯಂಟಿಬಯಾಟಿಕ್‌ಗಳು ಹಾಲಿನ ಕ್ಯಾಲ್ಸಿಯಂನಿಂದಾಗಿ ದೇಹಕ್ಕೆ ಸರಿಯಾಗಿ ಸೇರುವುದಿಲ್ಲ. ಕಬ್ಬಿಣದ ಮಾತ್ರೆಗೆ ಕಾಫಿ ಟೀಯೂ ಬೇಡ. ಅವುಗಳಿಗೆ ಬಾಳೆಹಣ್ಣು ಮತ್ತು ನೀರು ಸಾಕು. ಟೆಟ್ರಾಸೈಕ್ಲಿನ್ ಜಾತಿಯದೇ ಆದ ಡಾಕ್ಸಿಸೈಕ್ಲಿನ್ ನುಂಗಿ ತಕ್ಷಣ ಮಲಗಿದರೆ ಗುಳಿಗೆ ಅನ್ನನಾಳದಲ್ಲಿ ನಿಂತು ಹುಣ್ಣು ಮಾಡಬಹುದು. ಅರ್ಧ ಗಂಟೆ ಕೂತಿರಿ.

ಬಿಸ್ಕತ್ತು ಪ್ಯಾಕೆಟ್ ಮಾತ್ರೆಯ ಜೊತೆಗಾರ ಎಂದೇ ಎಲ್ಲ ಮನೆಯಲ್ಲೂ ನಂಬಿಕೆ. ಗ್ಲೂಕೋಸ್ ಬಿಸ್ಕತ್ತಿನಲ್ಲಿ 100 ಗ್ರಾಮಿಗೆ ಸುಮಾರು 450 ಕ್ಯಾಲರಿ. ಮಾತ್ರೆಗೆ ಬೇಕಾದದ್ದು ಎರಡು ಬಿಸ್ಕತ್ತು, ಒಡೆದದ್ದು ಇಡೀ ಪ್ಯಾಕೆಟ್. ಉಳಿದದ್ದು ಮೆತ್ತಗಾಗುತ್ತದೆ ಎಂದು ತಿಂದು ಮುಗಿಸುತ್ತೇವೆ. ಹೆಸರಿನಲ್ಲಿ ಗ್ಲೂಕೋಸ್ ಇದ್ದರೂ ಅದು ಮೈದಾ, ಸಕ್ಕರೆ, ಎಣ್ಣೆಯ ತಿನಿಸು, ಸಕ್ಕರೆ ಇಳಿತಕ್ಕೆ ಮೊದಲ ಮದ್ದಲ್ಲ. ಬೇರೇನೂ ಸಿಗದ ಊರಿನಲ್ಲಿ ಮಾತ್ರ ಕೊಳ್ಳಿ, ಎರಡು ತೆಗೆದು ಉಳಿದದ್ದನ್ನು ಪಕ್ಕದವರಿಗೆ ಕೊಟ್ಟುಬಿಡಿ.

ಊಟ ತಡವಾದಾಗ ಏನು? ಒಂದು ಗಂಟೆ ತಡವಾದರೆ ಆರೋಗ್ಯವಂತರಿಗೆ ಏನೂ ಬೇಡ, ನೀರು ಸಾಕು. ಛತ್ರದಲ್ಲಿ ಹನ್ನೆರಡೂವರೆಯ ಮುಹೂರ್ತವಿದ್ದರೆ ಎಲೆ ಹಾಕುವುದು ಎರಡರ ಮೇಲೆಯೇ, ಅದು ಗೊತ್ತಿರುವ ವಿಷಯ. ಬೆಳಿಗ್ಗೆ ತಿಂಡಿಯನ್ನೇ ಒಂದು ಗಂಟೆ ಮುಂದೂಡಿ. ಎರಡು ಗಂಟೆಗಿಂತ ಹೆಚ್ಚು, ಅದೂ ಅನಿರೀಕ್ಷಿತವಾಗಿ ತಡವಾದಾಗ ಹುರಿಗಡಲೆಗೆ ಸಮ ಇನ್ನೊಂದಿಲ್ಲ. ಉತ್ತರ ಕರ್ನಾಟಕದವರು ಪುಟಾಣಿ ಎನ್ನುವುದು ಇದನ್ನೇ. ಒಂದು ಮುಷ್ಟಿ, ಸುಮಾರು 30 ಗ್ರಾಂ, 100ರಿಂದ 120 ಕ್ಯಾಲರಿ, ಆರು ಗ್ರಾಮಿನಷ್ಟು ಪ್ರೋಟೀನ್. ಒಣಗಿದ ಪದಾರ್ಥವಾದ್ದರಿಂದ ಒಂದು ಮುಷ್ಟಿ ಮುಗಿಯುವಷ್ಟರಲ್ಲಿ ಗಂಟಲು ನೀರು ಕೇಳುತ್ತದೆ, ನೀರು ಕುಡಿದರೆ ಹೊಟ್ಟೆ ತುಂಬುತ್ತದೆ. ಇನ್ನೊಂದು ಮುಷ್ಟಿಗೆ ಕೈ ಹೋಗುವುದಿಲ್ಲ. ಇದೇ ಕಡಲೆಗೆ ಉಪ್ಪು ಅರಿಸಿನ ಖಾರ ಹಚ್ಚಿದ ಪೊಟ್ಟಣ ತಂದರೆ ಈ ಗುಣವೆಲ್ಲ ಹೋಯಿತು, ನಾಲಗೆ ಮತ್ತೆ ಮತ್ತೆ ಕೇಳುತ್ತದೆ. ಸಾದಾ ಹುರಿಗಡಲೆಯನ್ನೇ ಕಾಲು ಕೆ.ಜಿ. ತಂದು, 30 ಗ್ರಾಮಿನ ಎಂಟು ಪೊಟ್ಟಣ ಕಟ್ಟಿ. ಮೂಗಿಗೆ ಮುಗ್ಗಲು ವಾಸನೆ ಬಂದರೆ, ಕಚ್ಚಿದಾಗ ಕಟ್ ಎನ್ನದಿದ್ದರೆ ಹಳತು. ಹಲ್ಲಿಲ್ಲದ ಹಿರಿಯರಿಗೆ ಇದು ಆಗದು. ಅವರಿಗೆ ಇದನ್ನೇ ಪುಡಿ ಮಾಡಿ ಮಜ್ಜಿಗೆಗೆ ಕಲಸಿ ಕೊಡಬಹುದು. ಪುಟ್ಟ ಮಕ್ಕಳಿಗೆ ಇಡೀ ಕಾಳು ಕೊಡಲೇಬೇಡಿ, ಉಸಿರಿಗೆ ಸಿಕ್ಕಿಕೊಳ್ಳುತ್ತದೆ.

ನಂದಿನಿಯ 200 ಮಿಲಿಲೀಟರಿನ ಮಸಾಲೆ ಮಜ್ಜಿಗೆ ಪ್ಯಾಕೆಟ್ ಇದೇ ಕೆಲಸಕ್ಕೆ ಎರಡನೆಯ ಆಯ್ಕೆ. ಬೂತ್ ಇಲ್ಲದ ತಾಲ್ಲೂಕು ಕೇಂದ್ರವಿಲ್ಲ, ಪ್ಯಾಕೆಟ್ ಒಂದೇ ಗುಟುಕಿಗೆ ಮುಗಿಯುತ್ತದೆ, ಶುಂಠಿ ಮೆಣಸಿನಕಾಯಿಯ ಖಾರವಿರುವುದರಿಂದ ಇನ್ನೊಂದು ಬೇಕೆನಿಸುವುದು ಕಡಿಮೆ. ಬಿಪಿ ಇರುವವರು ಉಪ್ಪಿನ ಲೆಕ್ಕ ನೆನಪಿಡಿ. ಫ್ರಿಜ್ಜಿನಿಂದ ಹೊರಬಂದದ್ದನ್ನು ಬೇಸಿಗೆಯಲ್ಲಿ ಬ್ಯಾಗಿನಲ್ಲಿ ಹೊತ್ತು ತಿರುಗಬೇಡಿ. ಪಕ್ಕದಲ್ಲೇ ಇರುವ ಬಾದಾಮಿ ಹಾಲು, ಪೇಡ ಬೇರೆ ಜಾತಿ, ಅವು ಸಿಹಿ. ಮಂಡಕ್ಕಿ ಹಗುರ ಎಂದು ತಿನ್ನುವವರಿದ್ದಾರೆ. ದೊಡ್ಡ ಬಟ್ಟಲು ತುಂಬ ತಿಂದರೂ ಒಂದು ಗಂಟೆಯಲ್ಲಿ ಹಸಿವು ವಾಪಸು, ನಡುವಿನ ಹೊತ್ತಿಗೆ ಪ್ರಯೋಜನವಿಲ್ಲ.

ಚಾರಣಕ್ಕೆ ಹೋಗುವವರ ಲೆಕ್ಕ ಬೇರೆ. 1712 ಮೀಟರ್ ಎತ್ತರದ ಕುಮಾರ ಪರ್ವತವನ್ನು ಕುಕ್ಕೆ ಕಡೆಯಿಂದ ಹತ್ತುವುದೆಂದರೆ ಗಂಟೆಗಟ್ಟಲೆ ಏರು. ಒಂದೂವರೆ ಗಂಟೆ ಮೀರಿದ ಇಂಥ ಶ್ರಮಕ್ಕೆ ಗಂಟೆಗೆ 30 ಗ್ರಾಮಿನಿಂದ 60 ಗ್ರಾಂ ತನಕ ಶರ್ಕರಪಿಷ್ಟ (ಕಾರ್ಬೋಹೈಡ್ರೇಟ್) ಬೇಕಾಗುತ್ತದೆ. ಬೀಜ ತೆಗೆದ ಖರ್ಜೂರ 40 ಗ್ರಾಂ ತಿಂದರೆ 30 ಗ್ರಾಂ ಬಂತು. ಚಿಕ್ಕ ಗಾತ್ರದ್ದಾದರೆ ಐದಾರು ಹಣ್ಣು, ಹತ್ತು ಹನ್ನೆರಡು ನಿಮಿಷಕ್ಕೊಂದರಂತೆ. ಶೇಂಗಾ ಚಿಕ್ಕಿ ಹೊಟ್ಟೆಗೆ ಗಟ್ಟಿ, ಆದರೆ ಎಣ್ಣೆಯಂಶ ಹೆಚ್ಚಿರುವುದರಿಂದ ಏರಿನಲ್ಲಿ ನಿಧಾನ. ಇಳಿದು ಬಂದು ಕೂತಾಗ ಸರಿ. ಹತ್ತರ ಪ್ಯಾಕೆಟ್ ಕೊಂಡರೆ ಉಳಿದ ಎಂಟು ಮನೆಗೆ ಬಂದು ಸಂಜೆಯ ತಿಂಡಿಯಾಗುತ್ತವೆ, ಬಿಡಿಯಾಗಿ ಎರಡು ಕೇಳಿ. ಕಾಡಿನ ದಾರಿಗೆ ಪ್ಲಾಸ್ಟಿಕ್ ಒಯ್ಯಬೇಡಿ, ಸ್ಟೀಲ್ ಡಬ್ಬಿಯೇ ಸರಿ. ಕಬ್ಬನ್ ಪಾರ್ಕಿನಲ್ಲಿ ನಲವತ್ತು ನಿಮಿಷ ನಡೆದದ್ದಕ್ಕೆ ಈ ವಿನಾಯಿತಿ ಅನ್ವಯಿಸುವುದಿಲ್ಲ. ಎನರ್ಜಿ ಬಾರ್‌ಗಳು ಹೆಚ್ಚಿನವು ಸಿಹಿತಿಂಡಿಯೇ, ಅದೇ ಹಣಕ್ಕೆ ಕಾಲು ಕೆ.ಜಿ. ಖರ್ಜೂರ ಬರುತ್ತದೆ.

ರಕ್ತದಾನದ ದಿನ ಮಾತ್ರ ಯಾವ ಚೌಕಾಸಿಯೂ ಬೇಡ. ದಾನಕ್ಕೆ ಮೊದಲಿನ ನಾಲ್ಕು ಗಂಟೆಯೊಳಗೆ ಏನಾದರೂ ತಿಂದಿರಬೇಕು, 350 ಅಥವಾ 450 ಮಿಲಿಲೀಟರ್ ಕೊಟ್ಟ ಮೇಲೆ ಅವರು ಕೊಡುವ ಜ್ಯೂಸು ಬಿಸ್ಕತ್ತನ್ನು ಅಲ್ಲೇ ಕೂತು ಮುಗಿಸಬೇಕು. ಬೇಡವೆಂದು ಎದ್ದು ಹೋದವರು ಮೆಟ್ಟಿಲಿನಲ್ಲಿ ತಲೆಸುತ್ತಿ ಬೀಳುತ್ತಾರೆ.

ಕಠಿಣವಾದ ವಿನಾಯಿತಿ ದೇಹದ್ದಲ್ಲ, ಪ್ರೀತಿಯದು. ಸಂಕ್ರಾಂತಿಗೆ ಅಂಗಡಿಯಲ್ಲಿ ಸಿಗುವ ಸಿದ್ಧ ಎಳ್ಳು ಬೆಲ್ಲದ ಪೊಟ್ಟಣವನ್ನೇ ನೋಡಿ: ಎಳ್ಳು, ಕೊಬ್ಬರಿ, ಕಡಲೆಬೀಜ, ಹುರಿಗಡಲೆ, ಬೆಲ್ಲ. ಪದಾರ್ಥಗಳೆಲ್ಲ ಒಳ್ಳೆಯವು. ಪೊಟ್ಟಣ ಆರಿಸುವಾಗ ಕೊಬ್ಬರಿ ಚೂರು ಹಳದಿಯಾಗಿದೆಯೇ, ಕಮಟು ವಾಸನೆ ಇದೆಯೇ, ಬೆಲ್ಲ ಜಿನುಗಿ ಅಂಟಿದೆಯೇ ನೋಡಿ. ಜೊತೆಗಿಟ್ಟ ಬಣ್ಣದ ಜೀರಿಗೆ ಮಿಠಾಯಿ ಬರೀ ಸಕ್ಕರೆ. ಆರು ಮನೆಯಿಂದ ಆರು ಪೊಟ್ಟಣ ಬಂದಾಗ ಎಲ್ಲವನ್ನೂ ಒಂದೇ ಗಾಜಿನ ಡಬ್ಬಿಗೆ ಸುರಿದು, ಮಧ್ಯಾಹ್ನದ ಊಟದ ಕೊನೆಗೆ ಎರಡು ಚಮಚ ಎಂದು ಇಟ್ಟುಕೊಂಡರೆ ಹದಿನೈದು ದಿನ ಬರುತ್ತದೆ. ಕೊಟ್ಟವರ ಎದುರಿಗೆ ಒಂದು ಚಿಟಿಕೆ ಬಾಯಿಗೆ ಹಾಕಿಕೊಂಡು ಒಳ್ಳೆ ಮಾತನಾಡುವುದು ಹಬ್ಬದ ಮರ್ಯಾದೆ, ಅದನ್ನು ನಿಯಮದ ಲೆಕ್ಕಕ್ಕೆ ಹಿಡಿಯಬೇಡಿ. ದೇವಸ್ಥಾನದ ಪ್ರಸಾದವೂ ಅಷ್ಟೇ. ಅಂಗೈಯಲ್ಲಿ ಹಿಡಿಸುವಷ್ಟು ಸಿಹಿ ಪೊಂಗಲ್ ಪ್ರಸಾದ, ದೊನ್ನೆ ತುಂಬ ಪುಳಿಯೋಗರೆ ಊಟ. ದೊನ್ನೆ ಸಿಕ್ಕರೆ ಆ ಹೊತ್ತಿನ ಅನ್ನ ಬಿಡಿ.

ನವರಾತ್ರಿ ಬೇರೆ. ಗೊಂಬೆ ಕೂರಿಸಿದ ಮನೆಗಳಿಂದ ಒಂಬತ್ತು ಸಂಜೆಯೂ ಉಸಲಿ ಬರುತ್ತದೆ. ಒಂಬತ್ತು ದಿನ ಸಾಲಾಗಿ ನಡೆಯುವುದನ್ನು ವಿನಾಯಿತಿ ಎನ್ನಲಾಗದು. ಕಡಲೆ, ಹೆಸರುಕಾಳು, ಅಲಸಂದೆಯ ಆ ಉಸಲಿಯನ್ನು ಮನೆಗೆ ತಂದು ರಾತ್ರಿ ಊಟಕ್ಕೆ ಪಲ್ಯದಂತೆ ಬಡಿಸಿಕೊಂಡು, ಅನ್ನ ಒಂದು ಸೌಟು ಕಡಿಮೆ ಮಾಡಿದರೆ ಊಟವೇ ಮೇಲಾಗುತ್ತದೆ. ಏಕಾದಶಿಯ ಫಲಾಹಾರವನ್ನೂ ಊಟದ ಹೊತ್ತಿಗೇ ಒಟ್ಟಿಗೆ ಕೂತು ತಿನ್ನಿ. ದಿನವಿಡೀ ಬಾಳೆಹಣ್ಣು, ಅವಲಕ್ಕಿ, ಹಾಲು ಎಂದು ಆಗಾಗ ಬಾಯಿಗೆ ಹಾಕುವುದರಿಂದ ಉಪವಾಸವೂ ಆಗುವುದಿಲ್ಲ, ಅಭ್ಯಾಸವೂ ಉಳಿಯುವುದಿಲ್ಲ.

ಅತ್ತೆ ಮನೆಗೋ ಚಿಕ್ಕಮ್ಮನ ಮನೆಗೋ ಸಂಜೆ ಹೋದಾಗ ತಟ್ಟೆ ಮುಂದೆ ಬಂದೇ ಬರುತ್ತದೆ. ಡಯೆಟ್ಟು ಎಂದು ಹೇಳಿದರೆ ಒಂದು ತಾಸಿನ ವಾದ. "ಚಿಕ್ಕಮ್ಮ, ಕೋಡುಬಳೆ ಕಟ್ಟಿಕೊಡಿ, ರಾತ್ರಿ ಸಾರನ್ನದ ಜೊತೆ ತಿಂತೀನಿ, ಈಗ ನಿಮ್ಮ ಕೈಯ ಕಾಫಿ ಕೊಡಿ" ಎಂದರೆ ಅವರಿಗೂ ಸಂತೋಷ, ಕೋಡುಬಳೆಗೂ ನ್ಯಾಯ. ಕಾಫಿ ನಿಯಮದೊಳಗೆ ಬರುತ್ತದೆಯೇ ಎಂಬುದನ್ನು ಮೊದಲೇ ತೀರ್ಮಾನಿಸಿಕೊಳ್ಳಿ. ದಿನಕ್ಕೆ ಒಂದು ಬೈಟು, ತಟ್ಟೆ ಇಲ್ಲದೆ, ಎಂಬ ಗಡಿ ಬಹಳ ಜನರಿಗೆ ಹಿಡಿಸುತ್ತದೆ.

ಕಾಂಡಿಮೆಂಟ್ಸ್ ಅಂಗಡಿಯ ಸರಕು ತುರ್ತು ಡಬ್ಬಿಗೆ ಬೇಡ ಎನ್ನುತ್ತೇವೆ. ನಿಪ್ಪಟ್ಟು, ಖಾರಾಬೂಂದಿ, ಚಕ್ಕುಲಿ ತೂಕದಲ್ಲಿ ಮಾರಾಟವಾಗುತ್ತವೆ, 100 ಗ್ರಾಮಿಗಿಂತ ಕಡಿಮೆ ಕೇಳಿದರೆ ಕೊಡುವವರು ಅಪರೂಪ, 100 ಗ್ರಾಂ ಎಂದರೆ ಸುಮಾರು 500 ಕ್ಯಾಲರಿ. ಗರಿಗರಿ, ಉಪ್ಪು, ಎಣ್ಣೆ ಮೂರೂ ಸೇರಿದ ಪದಾರ್ಥಕ್ಕೆ ತಾನಾಗಿ ಕೊನೆ ಇರುವುದಿಲ್ಲ. ಮಾಡಿದವರ ಕೈಗುಣಕ್ಕೆ ಇದರಿಂದ ಕುಂದಿಲ್ಲ. ಒಳ್ಳೆಯ ನಿಪ್ಪಟ್ಟಿನ ಜಾಗ ಊಟದ ತಟ್ಟೆಯ ಅಂಚು, ಒಂದೇ ಒಂದು. ಮದ್ದೂರಿನಲ್ಲಿ ರೈಲು ನಿಂತಾಗ ವಡೆ ಕೊಂಡರೂ ಹೀಗೇ. ಕಾಗದದಲ್ಲಿ ಸುತ್ತಿಟ್ಟುಕೊಂಡರೆ ಮೈಸೂರಿನ ಊಟದ ಹೊತ್ತಿಗೂ ಗಟ್ಟಿಯಾಗಿ ಉಳಿಯುವ ವಡೆ ಅದು.

ಬೆಳೆಯುವ ಮಕ್ಕಳು, ಬಸುರಿಯರು, ಹಾಲೂಡಿಸುವ ತಾಯಂದಿರು, ಹೊಟ್ಟೆಯ ಶಸ್ತ್ರಚಿಕಿತ್ಸೆ ಆದವರು, ಒಮ್ಮೆ ಅತಿಯಾಗಿ ತಿಂದು ಇನ್ನೊಮ್ಮೆ ತಿನ್ನದೆ ನರಳಿದ ಹಿನ್ನೆಲೆ ಇರುವವರು ಈ ನಿಯಮದ ಹೊರಗೆ. ಅವರಿಗೆ ನಡುವಿನ ಆಹಾರ ಬೇಕು, ವಿನಾಯಿತಿ ಹುಡುಕುವ ಅಗತ್ಯವೇ ಇಲ್ಲ. ರಾತ್ರಿ ಪಾಳಿಯವರು ಮೂರು ಊಟವನ್ನು ತಮ್ಮ ಗಡಿಯಾರಕ್ಕೆ ತಿರುಗಿಸಿಕೊಂಡರೆ ಸಾಕು. ರಾತ್ರಿ ಒಂದರ ಊಟವೂ ಊಟವೇ.

ಡಬ್ಬಿ ಕಟ್ಟುವುದು ಸುಲಭ. ಅಂಗೈ ಅಗಲದ, ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಒಂದು. ಒಳಗೆ ಹುರಿಗಡಲೆ 30 ಗ್ರಾಮಿನ ಎರಡು ಪೊಟ್ಟಣ, 200 ಮಿಲಿಲೀಟರಿನ ಓಆರ್‌ಎಸ್ ಎರಡು ಸ್ಯಾಶೆ, ಖರ್ಜೂರ ಆರು. ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ತೂಗಿಟ್ಟ ಗ್ಲೂಕೋಸ್ ಮೂರು ಡೋಸು. ಈ ಗ್ಲೂಕೋಸನ್ನು ಡಬ್ಬಿಯಲ್ಲಷ್ಟೇ ಇಡಬೇಡಿ, ಹಾಸಿಗೆ ಪಕ್ಕ ಒಂದು, ಆಫೀಸಿನ ಮೇಜಿನಲ್ಲಿ ಒಂದು, ವಾಹನದಲ್ಲಿ ಒಂದು ಇರಲಿ, ಮನೆಯವರಿಗೂ ಜಾಗ ಗೊತ್ತಿರಲಿ. ಮುಚ್ಚಳದ ಒಳಗೆ ಒಂದು ಚೀಟಿ ಅಂಟಿಸಿ: ಯಾವ ಕಾರಣಕ್ಕೆ ಯಾವುದು, ಎಷ್ಟು. ತೆಗೆದ ದಿನವನ್ನು ಅದರ ಕೆಳಗೆ ಬರೆಯಿರಿ. ಒಂದು ತಿಂಗಳಲ್ಲಿ ಮೂರ್ನಾಲ್ಕಕ್ಕಿಂತ ಹೆಚ್ಚು ದಿನಾಂಕ ಬಿದ್ದರೆ ಮಧ್ಯಾಹ್ನದ ಊಟದಲ್ಲಿ ಬೇಳೆಯೋ ಕಾಳೋ ಕಡಿಮೆಯಾಗುತ್ತಿದೆಯೇ, ರಾತ್ರಿ ಊಟ ಒಂಬತ್ತು ದಾಟುತ್ತಿದೆಯೇ ಎಂದು ನೋಡಿ. ಸಾಮಾನ್ಯವಾಗಿ ತಪ್ಪು ಅಲ್ಲೇ ಇರುತ್ತದೆ. ಹುರಿಗಡಲೆಯನ್ನು ತಿಂಗಳಿಗೊಮ್ಮೆ ಬದಲಿಸಿ, ಹಳೆಯದನ್ನು ಚಟ್ನಿಗೆ ಹಾಕಿ. ಗ್ಲೂಕೋಸ್ ಕವರುಗಳನ್ನು ಮುಂಗಾರಿಗೆ ಮೊದಲು ಒಮ್ಮೆ ಬೆರಳಲ್ಲಿ ಒತ್ತಿ ನೋಡಿ, ಗಂಟು ಸಿಕ್ಕರೆ ಹೊಸದಾಗಿ ತೂಗಿ ಕಟ್ಟಿ.